ಸಂಖ್ಯೆ ಬರೆದರೆ ದೀಪ ಹೊತ್ತುತ್ತದೆ

1,31,072. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಒಂದು ನಿರ್ದಿಷ್ಟ ವಿಳಾಸಕ್ಕೆ ಈ ಸಂಖ್ಯೆಯನ್ನು ಬರೆದರೆ, ಅದರ ಪಿನ್ನಿಗೆ ಜೋಡಿಸಿದ ಕೆಂಪು ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಅದೇ ಸಂಖ್ಯೆಯನ್ನು ಅಲ್ಲಿಂದ 12 ಬೈಟ್ ಮುಂದೆ ಬರೆದರೆ ಆರಿಹೋಗುತ್ತದೆ. ದೀಪ ಮಿನುಗಿಸುವುದಷ್ಟೇ ಬೇಕಿದ್ದರೆ ಪೈಥಾನ್ ಭಾಷೆಯ ನಾಲ್ಕೈದು ಸಾಲು ಸಾಕು. ಆದರೆ ಬರೆದ ಸಂಖ್ಯೆ ವಿದ್ಯುತ್ತಾಗುವುದು ಹೇಗೆ ಎಂದು ತಿಳಿಯುವ ಆಸೆ ಇದ್ದವರು ಸಿ ಭಾಷೆಯನ್ನು ಹಿಡಿಯಬೇಕು.

ಪೈ ಹುಟ್ಟಿದ್ದೇ ಇಂಥ ಆಸೆ ಇರುವವರಿಗಾಗಿ. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ಬರುವವರು ಕಡಿಮೆಯಾಗುತ್ತಿದ್ದಾರೆ, ಬಂದವರಿಗೂ ಪ್ರೋಗ್ರಾಂ ಬರೆದು ಪಳಗಿದ ಅನುಭವವಿಲ್ಲ ಎಂಬ ಕೊರಗು ಎಬೆನ್ ಅಪ್ಟನ್ ಮತ್ತು ಅವರ ಗೆಳೆಯರಿಗಿತ್ತು. ಅವರು ರೂಪಿಸಿದ ಬೋರ್ಡ್ 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಮಾರಾಟಕ್ಕೆ ಬಂತು. ಮಾಮೂಲಿ ಕಂಪ್ಯೂಟರಿನಲ್ಲಿ ಕಾಣದ ಒಂದು ಸಂಗತಿ ಅದರ ಅಂಚಿನಲ್ಲಿತ್ತು: ಬರಿಗಣ್ಣಿಗೆ ಕಾಣುವಂತೆ, ತಂತಿ ಸಿಕ್ಕಿಸಲು ಬರುವಂತೆ ಎರಡು ಸಾಲು ಪಿನ್ನುಗಳು. ಮೊದಲು 26 ಇದ್ದವು, 2014ರಿಂದ 40 ಆದವು. ಇವುಗಳಲ್ಲಿ ಕೆಲವು ವಿದ್ಯುತ್ ಕೊಡುತ್ತವೆ, ಕೆಲವು ಗ್ರೌಂಡ್. ಮಿಕ್ಕವುಗಳಲ್ಲಿ ಹೆಚ್ಚಿನವು ನಮ್ಮ ಪ್ರೋಗ್ರಾಂ ಹೇಳಿದಂತೆ ಕೇಳುವ ಜಿಪಿಐಒ ಪಿನ್ನುಗಳು.

ಸಿ ಭಾಷೆಯ ಒಂದು ಬೇರೂ ಕೇಂಬ್ರಿಜ್‌ನಲ್ಲೇ ಇದೆ. ಅಲ್ಲಿನ ಮಾರ್ಟಿನ್ ರಿಚರ್ಡ್ಸ್ 1960ರ ದಶಕದಲ್ಲಿ ಬಿಸಿಪಿಎಲ್ ಎಂಬ ಭಾಷೆ ಕಟ್ಟಿದರು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಅದನ್ನು ಕುಗ್ಗಿಸಿ ಬಿ ಭಾಷೆ ಮಾಡಿದರು. ಅದನ್ನು ತಿದ್ದಿ ಬೆಳೆಸಿ ಡೆನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆ ಕೊಟ್ಟರು. ಅದು ಬೆಳೆದ ಪಿಡಿಪಿ-11 ಯಂತ್ರದಲ್ಲಿ ಹೊರಗಿನ ಸಾಧನಗಳಿಗೂ ಮೆಮೊರಿಯ ಹಾಗೆಯೇ ವಿಳಾಸಗಳಿದ್ದವು. ಪೈಯಲ್ಲೂ ಹಾಗೆಯೇ. ವಿಳಾಸಗಳ ಸಾಲನ್ನು ಒಂದು ಬೀದಿ ಎಂದುಕೊಳ್ಳಿ. ಹೆಚ್ಚಿನ ಬಾಗಿಲುಗಳು ಉಗ್ರಾಣದವು. ಅಲ್ಲಿಟ್ಟ ಮೂಟೆ ಇಟ್ಟಂತೆಯೇ ಇರುತ್ತದೆ. ನಡುವೆ ಕೆಲವು ಬಾಗಿಲು ಗಿರಣಿಯವು. ಅಲ್ಲಿ ಧಾನ್ಯ ಸುರಿದರೆ ಚಕ್ರ ತಿರುಗುತ್ತದೆ. ಚಿಪ್ಪಿನೊಳಗೆ ಇಂಥ ಗಿರಣಿ ಬಾಗಿಲನ್ನು ರಿಜಿಸ್ಟರ್ ಎನ್ನುತ್ತಾರೆ.

ಮೊದಲು ತಂತಿಯ ಕೆಲಸ. ಬೋರ್ಡಿನ 11ನೇ ಪಿನ್ನಿನಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ 9ನೇ ಪಿನ್ನಿನ ಗ್ರೌಂಡ್. ಪಿನ್ ಕೊಡುವುದು 3.3 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ನುಂಗುತ್ತದೆ. ಉಳಿದ 1.3 ವೋಲ್ಟನ್ನು 330ರಿಂದ ಭಾಗಿಸಿದರೆ ಹರಿಯುವ ವಿದ್ಯುತ್ ಸುಮಾರು 4 ಮಿಲಿಆಂಪ್. ಪಿನ್ನಿಗೆ ಇದು ಹೊರೆಯಲ್ಲ. ರೆಸಿಸ್ಟರ್ ಬಿಟ್ಟರೆ ಈ ಲೆಕ್ಕ ಕೈತಪ್ಪುತ್ತದೆ. 2 ಮತ್ತು 4ನೇ ಪಿನ್ನುಗಳಲ್ಲಿ 5 ವೋಲ್ಟ್ ಇರುತ್ತದೆ. ಅದು ಜಿಪಿಐಒ ಪಿನ್ನಿಗೆ ತಗುಲಿದರೆ ಚಿಪ್ ಸುಡಬಹುದು. ಹಾಗಾಗಿ ತಂತಿ ಬದಲಿಸುವಾಗಲೆಲ್ಲ ವಿದ್ಯುತ್ ತೆಗೆದಿರಬೇಕು.

ಈಗ ಸಂಖ್ಯೆಯ ಕೆಲಸ. ಬೋರ್ಡಿನ 11ನೇ ಪಿನ್ನನ್ನು ಚಿಪ್ ಜಿಪಿಐಒ 17 ಎಂದು ಗುರುತಿಸುತ್ತದೆ. ಎರಡು ಎಣಿಕೆಗಳು ಬೇರೆ ಬೇರೆ ಎಂಬುದು ಹೊಸಬರು ಮೊದಲು ಎಡವುವ ಜಾಗ. ಒಂದು ರಿಜಿಸ್ಟರಿನಲ್ಲಿ 32 ಬಿಟ್‌ಗಳಿದ್ದು, ಬಲತುದಿಯಿಂದ ಸೊನ್ನೆ, ಒಂದು, ಎರಡು ಎಂದು ಎಣಿಸುತ್ತಾ ಹೋದರೆ 17ನೆಯದು ನಮ್ಮದು. ಅಲ್ಲಿ ಮಾತ್ರ 1, ಉಳಿದೆಡೆ 0 ಇಟ್ಟರೆ ಬರುವ ಮೊತ್ತವೇ 1,31,072. ಸಿ ಬರೆಯುವವರು ಇಷ್ಟು ದೊಡ್ಡ ಸಂಖ್ಯೆಯನ್ನು ನೆನಪಿಡುವುದಿಲ್ಲ. ‘1 << 17’ ಎಂದು ಬರೆಯುತ್ತಾರೆ. ಒಂದನ್ನು 17 ಸ್ಥಾನ ಎಡಕ್ಕೆ ಸರಿಸು ಎಂದರ್ಥ.

ಹಚ್ಚಲು ಒಂದು ರಿಜಿಸ್ಟರ್, ಆರಿಸಲು ಇನ್ನೊಂದು ಏಕೆ? ಒಂದೇ ಇದ್ದಿದ್ದರೆ ಒಂದು ಪಿನ್ನಿಗಾಗಿ ಇಡೀ ರಿಜಿಸ್ಟರನ್ನು ಓದಿ, ಒಂದು ಬಿಟ್ ತಿದ್ದಿ, ಮತ್ತೆ ಬರೆಯಬೇಕಿತ್ತು. ಓದಿ ಬರೆಯುವಷ್ಟರಲ್ಲಿ ಇನ್ನೊಂದು ಪ್ರೋಗ್ರಾಂ ಬೇರೆ ಪಿನ್ನನ್ನು ಬದಲಿಸಿದ್ದರೆ ಅದರ ಕೆಲಸ ಅಳಿಸಿಹೋಗುತ್ತಿತ್ತು. ಎರಡಿರುವುದರಿಂದ 1 ಇರುವ ಪಿನ್ನಿಗಷ್ಟೇ ಆಜ್ಞೆ ತಟ್ಟುತ್ತದೆ, 0 ಇರುವವು ಇದ್ದಂತೆಯೇ ಇರುತ್ತವೆ. ಪಿನ್ ಒಳಮುಖವೋ ಹೊರಮುಖವೋ ಎಂದು ನಿರ್ಧರಿಸುವ ರಿಜಿಸ್ಟರಿಗೆ ಈ ಅನುಕೂಲವಿಲ್ಲ. ಅಲ್ಲಿ ಒಂದೊಂದು ಪಿನ್ನಿಗೆ 3 ಬಿಟ್, ಒಂದು ರಿಜಿಸ್ಟರಿಗೆ 10 ಪಿನ್. ಪಕ್ಕದ ಪಿನ್ನುಗಳನ್ನು ಕೆಡಿಸದೆ ನಮ್ಮ ಮೂರು ಬಿಟ್‌ಗಳನ್ನಷ್ಟೇ ಒರೆಸಿ 001 ಎಂದು ತುಂಬಬೇಕು. ‘&’, ‘|’, ‘~’ ಚಿಹ್ನೆಗಳನ್ನು ಪುಸ್ತಕದಲ್ಲಿ ಓದಿ ಮರೆತವರು ಇಲ್ಲಿ ಮತ್ತೆ ಮರೆಯದಂತೆ ಕಲಿಯುತ್ತಾರೆ.

ಪಾಯಿಂಟರ್ ಎಂದರೆ ಬೆಚ್ಚುವವರಿಗೂ ಇದೇ ಒಳ್ಳೆಯ ಜಾಗ. ಪೈಯನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಚಿಪ್ಪಿನ ವಿಳಾಸಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಮೊದಲು ‘ಎಂಮ್ಯಾಪ್’ ಎಂಬ ಕರೆಯಿಂದ ಜಿಪಿಐಒ ವಿಭಾಗವನ್ನು ಕೇಳಿ ಪಡೆಯಬೇಕು. ಸಿಗುವುದು ಒಂದು ಪಾಯಿಂಟರ್, ಅಂದರೆ ಆ ವಿಭಾಗದ ಮೊದಲ ವಿಳಾಸ. ಹಚ್ಚುವ ರಿಜಿಸ್ಟರ್ ಅಲ್ಲಿಂದ 28 ಬೈಟ್ ಆಚೆ ಇದೆ. ಹಾಗೆಂದು ಪಾಯಿಂಟರಿಗೆ 28 ಕೂಡಿಸಿದರೆ ತಪ್ಪು ಬಾಗಿಲು. 32 ಬಿಟ್‌ನ ಬೆಲೆಗಳನ್ನು ತೋರುವ ಪಾಯಿಂಟರ್ ಒಂದು ಹೆಜ್ಜೆಗೆ 4 ಬೈಟ್ ದಾಟುತ್ತದೆ; 28 ಹೆಜ್ಜೆ ಎಂದರೆ 112 ಬೈಟ್. ಕೂಡಿಸಬೇಕಾದ್ದು 7.

ದೀಪದ ನಂತರ ಗುಂಡಿ. ಗುಂಡಿ ಒತ್ತುವವರೆಗೆ ಪಿನ್ನನ್ನು ಓದುತ್ತಲೇ ಇರು ಎಂದು ಲೂಪ್ ಬರೆದರೆ, ಚುರುಕು ಕಂಪೈಲರ್ ಜಾಣತನ ತೋರಬಹುದು: ಪ್ರೋಗ್ರಾಂನಲ್ಲಿ ಯಾರೂ ಈ ಬೆಲೆಯನ್ನು ಬದಲಿಸುತ್ತಿಲ್ಲ, ಒಮ್ಮೆ ಓದಿದರೆ ಸಾಕಲ್ಲ ಎಂದು. ಆಗ ಎಷ್ಟು ಒತ್ತಿದರೂ ಲೂಪ್ ಮುಗಿಯುವುದಿಲ್ಲ. ಈ ಬೆಲೆ ಹೊರಗಿನಿಂದಲೂ ಬದಲಾಗಬಹುದು, ಪ್ರತಿ ಸಲವೂ ಓದು ಎಂದು ತಾಕೀತು ಮಾಡಲು ಸಿಯಲ್ಲಿ ‘ವೊಲಟೈಲ್’ ಎಂಬ ಪದವಿದೆ. ಇನ್ನು ಗುಂಡಿಯೊಳಗಿನ ಲೋಹದ ತಗಡು ಒತ್ತಿದಾಗ ಕೆಲವು ಮಿಲಿಸೆಕೆಂಡ್ ಕಾಲ ತಗುಲಿ ಬಿಟ್ಟು ಪುಟಿಯುತ್ತದೆ. ಸಿ ಪ್ರೋಗ್ರಾಂ ಅಷ್ಟನ್ನೂ ಎಣಿಸುತ್ತದೆ. ಒಂದು ಒತ್ತು ಐದಾರಾಗಿ ಕಾಣುತ್ತದೆ. ಬದಲಾವಣೆ ಕಂಡ ಮೇಲೆ 20 ಮಿಲಿಸೆಕೆಂಡ್ ಕಾದು ಇನ್ನೊಮ್ಮೆ ಓದುವುದೇ ಪರಿಹಾರ.

ಕಾಯಲಾಗದ ಕೆಲಸಗಳೂ ಉಂಟು. ತೇವಾಂಶ ಅಳೆಯುವ ಅಗ್ಗದ ಡಿಎಚ್‌ಟಿ11 ಸೆನ್ಸರ್ ಸುಮಾರು 27 ಮೈಕ್ರೋಸೆಕೆಂಡಿನ ಮಿಡಿತದಿಂದ 0 ಎಂದೂ 70ರ ಮಿಡಿತದಿಂದ 1 ಎಂದೂ ಹೇಳುತ್ತದೆ. ಆ ಗಳಿಗೆಯಲ್ಲೇ ಲಿನಕ್ಸ್ ನಮ್ಮ ಪ್ರೋಗ್ರಾಂ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋದರೆ ಅಳತೆ ತಪ್ಪುತ್ತದೆ. ಎಷ್ಟು ಚೊಕ್ಕವಾಗಿ ಸಿ ಬರೆದರೂ ಇದು ತಪ್ಪಿದ್ದಲ್ಲ. ಇಂಥ ಕಡೆ 2021ರಲ್ಲಿ 4 ಡಾಲರಿಗೆ ಬಂದ ಪೈ ಪೀಕೋದಂಥ ಮೈಕ್ರೋಕಂಟ್ರೋಲರ್ ಲೇಸು. ಅಲ್ಲಿ ಲಿನಕ್ಸ್ ಇಲ್ಲ, ನಮ್ಮ ಪ್ರೋಗ್ರಾಂ ಒಂದೇ ಓಡುತ್ತದೆ.

ಇಷ್ಟೆಲ್ಲ ವಿಳಾಸಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಮಾಡಲೂಬಾರದು. ಮೇಲೆ ಹೇಳಿದ ಲೆಕ್ಕ ಪೈ 4ರವರೆಗಿನದು. 2023ರ ಪೈ 5ರಲ್ಲಿ ಪಿನ್ನುಗಳ ಉಸ್ತುವಾರಿ ಆರ್‌ಪಿ1 ಎಂಬ ಬೇರೆ ಚಿಪ್ಪಿಗೆ ಹೋಗಿದೆ; ರಿಜಿಸ್ಟರುಗಳ ವ್ಯವಸ್ಥೆಯೇ ಬದಲಾಗಿದೆ. ಹಾಗಾಗಿ ಕೆಲಸಕ್ಕೆ ಬೇಕಾದ ಪ್ರಾಜೆಕ್ಟ್ ಮಾಡುವಾಗ ಲಿಬ್‌ಜಿಪಿಐಒಡಿಯಂಥ ಲೈಬ್ರರಿ ಬಳಸುವುದೇ ಸರಿ. ಬೋರ್ಡ್ ಬದಲಾದರೂ ಪ್ರೋಗ್ರಾಮಿನ ಹೆಚ್ಚಿನ ಪಾಲು ಉಳಿಯುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ದೀಪವನ್ನಾದರೂ ಕೈಯಾರೆ ಬಿಟ್ ಬರೆದು ಹಚ್ಚಿರಬೇಕು. ನಾಳೆ ದೀಪ ಹೊತ್ತದಿದ್ದಾಗ ತಪ್ಪು ತಂತಿಯಲ್ಲಿದೆಯೋ, ಪಿನ್ನಿನ ಎಣಿಕೆಯಲ್ಲೋ, ಬಿಟ್‌ನಲ್ಲೋ ಎಂದು ಹುಡುಕುವ ದಾರಿ ಹಾಗೆ ಹಚ್ಚಿದವರಿಗೆ ಗೊತ್ತಿರುತ್ತದೆ.