ಇವರಿಗೆಲ್ಲ ಊಟ ಹಾಕೋರು ಯಾರು?

ನಮ್ಮ ಅತ್ತೆಯವರ ಜೊತೆ ಸಿನಿಮಾಕ್ಕೆ ಹೋದರೆ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ. ಒಂದು ಪರದೆ ಮೇಲೆ, ಇನ್ನೊಂದು ಪಕ್ಕದ ಸೀಟಿನಲ್ಲಿ. ಹಾಸನದಲ್ಲಿ 22 ವರ್ಷ ಮೆಸ್ ನಡೆಸಿ, ಈಗ ಮೈಸೂರಿನಲ್ಲಿ ನಮ್ಮ ಜೊತೆಗಿದ್ದಾರೆ. ದಿನಕ್ಕೆ ಎಪ್ಪತ್ತು ಎಲೆ ಹಾಕಿದ ಕೈ. ಹಾಗಾಗಿ ತೆರೆಯ ಮೇಲೆ ಹತ್ತು ಜನ ಸೇರಿದರೆ ಸಾಕು, ನನ್ನ ಕಡೆ ವಾಲಿ ಕೇಳುತ್ತಾರೆ: ‘ಅಲ್ರಪ್ಪಾ, ಇವರಿಗೆಲ್ಲ ಊಟ ಹಾಕೋರು ಯಾರು?’

ಮೊದಮೊದಲು ರೇಗುತ್ತಿತ್ತು. ಈಗ ನನ್ನ ಅಳತೆಗೋಲೂ ಅದೇ ಆಗಿಬಿಟ್ಟಿದೆ. ನಾನು ವಿಮರ್ಶಕನಲ್ಲ. ಛಾಯಾಗ್ರಹಣ ಚೆನ್ನಾಗಿದೆ ಅಂದರೆ ‘ಹೌದಲ್ವಾ’ ಅನ್ನುವಷ್ಟೇ ಗೊತ್ತು. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಿನಿಮಾ ನೋಡುವವನು. ಆದರೆ ತೆರೆಯ ಮೇಲಿನ ಮನುಷ್ಯನಿಗೆ ಒಂದು ಕೆಲಸ, ಒಂದು ಮನೆ, ಬಾಡಿಗೆಯ ಚಿಂತೆ, ತಡವಾಗಿ ಬಂದರೆ ಬೈಯುವವರು ಇದ್ದಾರೆ ಅನ್ನಿಸಿದರೆ ಅವನು ಸತ್ತಾಗ ನನಗೆ ಅಳು ಬರುತ್ತದೆ. ಇಲ್ಲದಿದ್ದರೆ ಮೊಬೈಲಿನಲ್ಲಿ ಟೈಮ್ ನೋಡುತ್ತೇನೆ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ನನ್ನನ್ನು ಹಿಡಿದಿಟ್ಟದ್ದು ಇದೇ. 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ ಬಂತು. ರಕ್ಷಿತ್ ಶೆಟ್ಟಿಯ ಮನು ದೊಡ್ಡವರ ಮನೆಯ ಕಾರ್ ಡ್ರೈವರ್. ಮದುವೆಯಾಗಬೇಕು, ಅದಕ್ಕೊಂದು ಮನೆ ಬೇಕು, ಮನೆಗೆ ದುಡ್ಡು ಬೇಕು. ಯಜಮಾನರ ಕಡೆಯ ಅಪಘಾತವನ್ನು ದುಡ್ಡಿನ ಆಸೆಗೆ ತನ್ನ ತಲೆಗೆ ಕಟ್ಟಿಕೊಂಡು ಜೈಲು ಸೇರುತ್ತಾನೆ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಹೊಟ್ಟೆ ಹಿಂಡಿದಂತಾಯಿತು. ಅವನ ಹುಡುಗಿಯಾಗಿ ರುಕ್ಮಿಣಿ ವಸಂತ್ ಜೈಲಿಗೆ ಬಂದು ನಿಲ್ಲುವಾಗ ನಾನು ಕನ್ನಡಕ ಒರೆಸುವ ನೆಪ ಮಾಡಿದೆ. ಅತ್ತೆಯವರದ್ದು ಒಂದೇ ಮಾತು: ‘ಎಂಟು ಸಾವಿರದ ಬಾಡಿಗೆ ಮನೇಲಿ ಸಂಸಾರ ಶುರು ಮಾಡಿದ್ರೆ ಈ ಪಿಚ್ಚರೇ ಇರ್ತಿರಲಿಲ್ಲ.’ ವಾದಿಸಲು ಹೋಗಿ ಸೋತೆ. ಸೈಡ್ ಬಿ ಮಾತ್ರ ನನಗೆ ಎಳೆದಂತೆ ಕಂಡಿತು. ಆ ದುಃಖಕ್ಕೆ ತನ್ನ ಮೇಲೆ ತನಗೇ ಸ್ವಲ್ಪ ಮೋಹ ಹುಟ್ಟಿಬಿಟ್ಟಿದೆ.

2024ರ ‘ಶಾಖಾಹಾರಿ’ಯನ್ನು ಥಿಯೇಟರಿನಲ್ಲಿ ತಪ್ಪಿಸಿಕೊಂಡೆವು. ನಮ್ಮಂಥವರು ಹೋಗದೇ ಇರುವುದರಿಂದಲೇ ಇಂಥ ಸಿನಿಮಾಗಳು ಬೇಗ ಎತ್ತಂಗಡಿಯಾಗುವುದು, ಗೊತ್ತು. ಆಮೇಲೆ ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದೆವು. ಮಲೆನಾಡಿನ ಒಂದು ಸಸ್ಯಾಹಾರಿ ಹೋಟೆಲ್ಲು, ಅದರ ಸುಬ್ಬಣ್ಣನಾಗಿ ರಂಗಾಯಣ ರಘು. ಕೊಲೆಯ ಕಥೆ. ನಾನು ಯಾರು, ಹೇಗೆ, ಸಿಕ್ಕಿಬೀಳುತ್ತಾನಾ ಎಂದು ಉಸಿರು ಬಿಗಿಹಿಡಿದು ಕೂತಿದ್ದರೆ ಅತ್ತೆಯವರ ಆತಂಕವೇ ಬೇರೆ: ‘ಇಷ್ಟೆಲ್ಲ ತಲೆಬಿಸಿ ಇಟ್ಕೊಂಡು ನಾಳೆಗೆ ಹಿಟ್ಟು ರುಬ್ಬಿದ್ದಾನಾ ಈ ವಯ್ಯ?’ ನಗು ಬಂತಾದರೂ ಆಮೇಲೆ ಯೋಚಿಸಿದೆ. ರಘು ಆ ಪಾತ್ರವನ್ನು ನಿಜವಾದ ಹೋಟೆಲಿನವನಾಗಿ ಮಾಡಿರುವುದಕ್ಕೇ ಅಲ್ಲವೇ ಮೆಸ್ಸಿನವರಿಗೆ ಹಿಟ್ಟಿನ ನೆನಪಾದದ್ದು? ಅರಚುವ ಹಾಸ್ಯಪಾತ್ರಗಳಲ್ಲಿ ಅವರನ್ನು ವರ್ಷಗಟ್ಟಲೆ ಸವೆಸಿದ್ದೇವೆ. ಇಲ್ಲಿ ಅವರು ಸುಮ್ಮನಿದ್ದರೂ ಭಯವಾಗುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಐದು ದಿನದ ಅಂತರದಲ್ಲಿ ಉಪೇಂದ್ರರ ‘ಯುಐ’, ಸುದೀಪರ ‘ಮ್ಯಾಕ್ಸ್’ ಬಂದವು. ‘ಮ್ಯಾಕ್ಸ್’ ಒಂದು ರಾತ್ರಿಯ ಕಥೆ. ಸುತ್ತುಬಳಸಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮನೆಗೆ ಬಂದು ಮಲಗಿದೆ, ಮರೆತೆ. ‘ಯುಐ’ ಶುರುವಿನಲ್ಲೇ ಬುದ್ಧಿವಂತರು ಎದ್ದು ಹೋಗಬಹುದು ಅನ್ನುತ್ತದೆ. ‘ಟಿಕೆಟ್ ದುಡ್ಡು ವಾಪಸ್ ಕೊಡ್ತಾರಂತಾ, ಕೇಳಿ’ ಎಂದರು ಅತ್ತೆ. ಕೊಡುವುದಿಲ್ಲವಾದ್ದರಿಂದ ದಡ್ಡರಾಗಿ ಕೂತೆವು.

ನಿಜವಾಗಿ ಹೊಟ್ಟೆ ತುಂಬಿದ್ದು 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ದಿಂದ. ದೊಡ್ಡ ಸ್ಟಾರ್ ಇಲ್ಲ, ಕಟೌಟ್ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ನಾವು ಹೋಗುವ ಹೊತ್ತಿಗೆ ಮುಂದಿನಿಂದ ಎರಡನೇ ಸಾಲು ಸಿಕ್ಕಿತು. ಕತ್ತು ನೋಯಿತು, ನಕ್ಕು ಪಕ್ಕೆಯೂ ನೋಯಿತು. ಅಶೋಕ ಎಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನೆಯ ದೆವ್ವ ಬಂದಿದೆ ಎಂಬ ಒಂದು ಸುಳ್ಳು. ಅದನ್ನು ಊರಿಗೆ ಊರೇ ಹೊತ್ತು ತಿರುಗುವ ಚಂದ. ನಿರ್ದೇಶಕ ಜೆ.ಪಿ. ತುಮಿನಾಡು ತಾವೇ ಅಶೋಕನಾಗಿದ್ದಾರೆ. ಶನೀಲ್ ಗೌತಮರ ರವಿಯಣ್ಣನಂಥವರು ಪ್ರತಿ ಊರಿನಲ್ಲೂ ಇರುತ್ತಾರೆ, ಯಾರ ಮನೆಯಲ್ಲಿ ಏನೇ ಆದರೂ ಮೊದಲು ಬಂದು ನಿಲ್ಲುವವರು. ಇಲ್ಲಿ ಒಬ್ಬೊಬ್ಬನ ಹಿಂದೆಯೂ ಒಂದು ಮನೆಯಿದೆ, ಆ ಮನೆಯಲ್ಲಿ ಒಲೆ ಉರಿಯುತ್ತಿದೆ ಎಂಬ ನಂಬಿಕೆ ಬರುತ್ತದೆ. ಅತ್ತೆಯವರು ಎರಡೂಕಾಲು ಗಂಟೆ ತಮ್ಮ ಪ್ರಶ್ನೆಯನ್ನೇ ಕೇಳಲಿಲ್ಲ. ಮಂಗಳೂರು ಕಡೆಯ ಮಾತಿನ ಬಗ್ಗೆ ಮಾತ್ರ ಒಂದು ಷರಾ: ‘ಜಗಳಾನೂ ಪುಸ್ತಕ ಓದ್ದಂಗೆ ಆಡ್ತಾರೆ.’

ಸುಲೋಚನೆಯ ಮಗಳು ಭಾನು ಬಂದಮೇಲೆ ಕಥೆಯ ಹದ ಬದಲಾಗುತ್ತದೆ. ನಗು ನಿಲ್ಲುತ್ತದೆ. ‘ಸೆಕೆಂಡ್ ಹಾಫ್ ಸ್ವಲ್ಪ ಡಲ್ಲು’ ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಅಷ್ಟು ಹೊತ್ತು ದೆವ್ವದ ಹೆಸರಾಗಿದ್ದವಳು ಇದ್ದಕ್ಕಿದ್ದಂತೆ ಒಬ್ಬ ಹೆಂಗಸಾಗುತ್ತಾಳೆ. ನಾವು ನಕ್ಕದ್ದು ಯಾರ ಹೆಸರಿಗೆ ಎಂದು ಸ್ವಲ್ಪ ನಾಚಿಕೆಯಾಗುತ್ತದೆ. ಕುಡುಕ ಬಾವನ ತಮಾಷೆಯನ್ನು ನಾಲ್ಕು ಸಲದ ಬದಲು ಎರಡು ಸಲ ಮಾಡಿದ್ದರೆ ಸಾಕಿತ್ತು. ಹಿಂದಿನ ಸಾಲಿನ ಹುಡುಗಿಯರಿಬ್ಬರು ಅದು ಬರುವ ಮುಂಚೆಯೇ ನಗುತ್ತಿದ್ದರು. ಮೂರನೇ ಸಲವಂತೆ.

ಕೊನೆಗೆ ‘ಕಾಂತಾರ: ಅಧ್ಯಾಯ 1’. 2025ರ ಅಕ್ಟೋಬರ್ 2, ವಿಜಯದಶಮಿಯಂದು ಬಿಡುಗಡೆ. ಆ ದಿನ ಮೈಸೂರಿನಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ, ಮುಂದಿನ ವಾರ ಹೋದೆವು. ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂದು ಸರ್ಕಾರ ಸೆಪ್ಟೆಂಬರಿನಲ್ಲಿ ಮಾಡಿದ ಟಿಕೆಟ್ ನಿಯಮಕ್ಕೆ ಅದೇ ತಿಂಗಳು ಹೈಕೋರ್ಟಿನಿಂದ ತಡೆ ಸಿಕ್ಕಿತ್ತು. ನಮ್ಮ ಮೂರು ಟಿಕೆಟ್ಟಿನ ಲೆಕ್ಕವನ್ನು ಅತ್ತೆಯವರಿಗೆ ಹೇಳಲಿಲ್ಲ. ಕಡಿಮೆ ದುಡ್ಡಿಗೆ ಸಿನಿಮಾ ತೋರಿಸುತ್ತಿದ್ದ ನಮ್ಮ ಮೈಸೂರಿನ ಶಾಂತಲಾ ಟಾಕೀಸು 2020ರಲ್ಲಿ ಮುಚ್ಚದೇ ಇದ್ದಿದ್ದರೆ ಈ ಗುಟ್ಟು ಬೇಕಾಗುತ್ತಿರಲಿಲ್ಲ. ಬಾಗಿಲಲ್ಲಿ ಸೆಕ್ಯುರಿಟಿಯವನು ಅವರ ಚೀಲದಿಂದ ಕೋಡುಬಳೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟುಕೊಂಡು ಟೋಕನ್ ಕೊಟ್ಟ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ.

ಸಿನಿಮಾ ದೊಡ್ಡದು, ಸಂಶಯವಿಲ್ಲ. ರಥದ ದೃಶ್ಯದಲ್ಲಿ ಸೀಟಿನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ರಿಷಬ್ ಶೆಟ್ಟಿಗೆ ದೈವ ಆವೇಶವಾಗುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಮೊದಲ ‘ಕಾಂತಾರ’ಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಕಾಡಿನವರು ತಮ್ಮ ಸಂಬಾರ ಪದಾರ್ಥವನ್ನು ಬಂದರಿಗೆ ತಂದು, ತಾವೇ ಮಾರುತ್ತೇವೆ ಎಂದು ನಿಲ್ಲುವ ಭಾಗ. ಅಲ್ಲಿ ವ್ಯಾಪಾರವಿದೆ, ಬೆವರಿದೆ, ಅನ್ನದ ಮಾತಿದೆ. ಅದು ಇನ್ನಷ್ಟು ಹೊತ್ತು ಇರಬಾರದಿತ್ತೇ ಎನ್ನುವಷ್ಟರಲ್ಲಿ ಯುದ್ಧ ಶುರು. 2022ರ ಚಿತ್ರದಲ್ಲಿ ಮಾನಸಿ ಸುಧೀರ್ ಅವರ ಕಮಲಾ ಮಗ ಶಿವನಿಗೆ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಇದರಲ್ಲಿ ಉಳಿದದ್ದು ಡೋಲಿನ ಸದ್ದು. ಅಷ್ಟು ಸೈನಿಕರು ಒಟ್ಟಿಗೆ ಬಂದಾಗ ಪಕ್ಕದ ಸೀಟು ನನ್ನ ಕಡೆ ವಾಲಿತು. ‘ಗೊತ್ತು, ಅತ್ತೆ’ ಅಂದೆ.

ಹೊರಗೆ ಬಂದು ಟೋಕನ್ ಕೊಟ್ಟು ಡಬ್ಬಿ ತೆಗೆದುಕೊಂಡರು. ಅಲ್ಲಾಡಿಸಿ ನೋಡಿ, ‘ಮಧ್ಯಾಹ್ನ ಊಟ ಆಯ್ತೇನಪ್ಪಾ?’ ಎಂದು ಸೆಕ್ಯುರಿಟಿಯವನನ್ನು ಕೇಳಿದರು. ‘ಇಲ್ಲ ಅಮ್ಮಾ, ಶೋ ಬಿಟ್ಟಮೇಲೆ’ ಎಂದ. ಗಂಟೆ ನಾಲ್ಕಾಗಿತ್ತು. ಮುಚ್ಚಳ ತೆಗೆದು, ಅರ್ಧ ಡಬ್ಬಿ ಕೋಡುಬಳೆಯನ್ನು ಅವನ ಮೇಜಿನ ಮೇಲಿದ್ದ ಪೇಪರಿಗೆ ಸುರಿದರು.

ಆಟೋದಲ್ಲಿ ಒಂದು ತಾವೂ ಮುರಿದು ಬಾಯಿಗೆ ಹಾಕಿಕೊಂಡು, ‘ಚೆನ್ನಾಗಿದೆ. ಖಾರ ಒಂಚೂರು ಜಾಸ್ತಿ ಆಯ್ತು’ ಅಂದರು. ಪಿಚ್ಚರೋ ಕೋಡುಬಳೆಯೋ, ನಾನು ಕೇಳಲಿಲ್ಲ.