ಎಳೆ ತೆಂಗು, ಎಳೆ ಅಡಿಕೆಗೆ ಬೇಸಿಗೆಯ ಆರೈಕೆ

ಅಕ್ಕಿಆಲೂರಿನ ಸುತ್ತಲಿನದು ಭತ್ತದ ಸೀಮೆ. ಹಾನಗಲ್ಲ ತಾಲ್ಲೂಕೆಂದರೆ ಕೆರೆಗಳ ತಾಲ್ಲೂಕು. ಈಗ ಗದ್ದೆಯ ಮಗ್ಗುಲಲ್ಲೇ ಅಡಿಕೆ ತೋಟಗಳು ಎದ್ದಿವೆ. ಹಿತ್ತಲಿದ್ದ ಮನೆಯಲ್ಲಿ ಎರಡಾದರೂ ತೆಂಗಿನ ಸಸಿ ಇರುತ್ತವೆ. ಮಿರಗದ ಮಳೆಗೆ ಸಸಿ ಹಚ್ಚುವವರು ಸಾಮಾನ್ಯವಾಗಿ ಗಂಡಸರು. ಯುಗಾದಿ ದಾಟಿದ ಮೇಲೆ ಕೊಡ ಹೊತ್ತು ನೀರುಣಿಸುವವರು ಮಾತ್ರ ನಾವೇ!

"ದಿನಾ ಒಂದ ತಂಬಿಗಿ ನೀರ ಹಾಕ್ತೀವ್ರೀ, ಆದ್ರೂ ಗರಿ ಒಣಗಾಕತ್ತಾವು" ಎನ್ನುವವರುಂಟು. ತೊಂದರೆ ಇರುವುದು ಆ ತಂಬಿಗೆಯಲ್ಲೇ. ತೆಂಗು ಅಡಿಕೆಗಳಿಗೆ ಮಾವಿನಂತೆ ಆಳಕ್ಕಿಳಿಯುವ ತಾಯಿಬೇರಿಲ್ಲ. ಬುಡದಿಂದ ಹೊರಟ ಜಡೆಯಂಥ ಬೇರುಗಳೇ ಎಲ್ಲ. ಕಿತ್ತು ನೆಡುವಾಗ ಕಡಿದುಹೋದವುಗಳ ಬದಲು ಬುಡದಿಂದ ಹೊಸ ಬೇರು ಬರಬೇಕು. ಅಲ್ಲಿಯವರೆಗೆ ದೂರದ ತೇವ ಸಸಿಗೆ ಎಟುಕದು. ತಂಬಿಗೆ ನೀರು ಮಣ್ಣಿನ ಮೇಲ್ಮೈ ತೋಯಿಸಿ ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆ ಹೀಗಿದೆ: ಮೊದಲ ಎರಡು ವರ್ಷ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ತೆಂಗಿನ ಸಸಿಯೊಂದಕ್ಕೆ 45 ಲೀಟರ್. ದೊಡ್ಡ ಕೊಡದಲ್ಲಿ ಮೂರು ಕೊಡವಾಯಿತು. ಬುಡದ ಸುತ್ತ ಪಾತಿ ಮಾಡಿ, ಸಂಜೆ ನಿಧಾನವಾಗಿ ಇಂಗಿಸಿ. ಅಡಿಕೆ ಸಸಿಗೆ ಮೂರು-ನಾಲ್ಕು ದಿನಕ್ಕೊಮ್ಮೆ ನೀರು ತಪ್ಪಬಾರದು. ಅಕ್ಕಿ ತೊಳೆದ ನೀರೂ ಆದೀತು, ಸೋಪು-ಸೋಡಾದ ನೀರು ಬೇಡ.

ಪಾತಿಯ ಮೇಲೆ ತೆಂಗಿನ ಸಿಪ್ಪೆ, ಒಣ ಸೋಗೆ, ಭತ್ತದ ಹುಲ್ಲು ಹೊದಿಸಿದರೆ ತೇವ ಉಳಿದು ಕೊಡಗಳೂ ಉಳಿಯುತ್ತವೆ. ಬುಡಕ್ಕೆ ಮಾತ್ರ ತಾಗಿಸದೆ ಒಂದು ಗೇಣು ಬಿಡಿ. ಗೆದ್ದಲು ಹತ್ತಿದೆಯೇ ಎಂದು ಆಗಾಗ ಎತ್ತಿ ನೋಡಿ.

ಇನ್ನು ಸುಳಿ. ದಾಸವಾಳದ ತುದಿ ಚಿವುಟಿದರೆ ಪಕ್ಕದಲ್ಲಿ ಎರಡು ಚಿಗುರು ಬರುತ್ತವೆ. ತೆಂಗು ಅಡಿಕೆಗೆ ಆ ಭಾಗ್ಯವಿಲ್ಲ, ಇರುವ ಒಂದು ಸುಳಿ ಕೊಳೆತರೆ ಸಸಿ ಹೋದಂತೆಯೇ. ಮಳೆಗೆ ಗರಿಗಳ ಸಂದಿಯಲ್ಲಿ ಕೂತ ಮಣ್ಣನ್ನು ಬಿಡಿಸಿ ತೆಗೆಯಿರಿ. ಕೆಳಗಿನ ಒಂದೆರಡು ಗರಿ ಒಣಗಿದ್ದಕ್ಕೆ ಕಂಗೆಟ್ಟು ಸಸಿ ಕೀಳಬೇಡಿ; ಸುಳಿ ಹಸಿರಾಗಿದ್ದರೆ ಜೀವ ಇದೆ.

ಮಧ್ಯಾಹ್ನದ ಮೇಲಿನ ಬಿಸಿಲು ಬಲು ಕೆಟ್ಟದ್ದು. ತೆಂಗಿಗೆ ಪಡುವಣ, ತೆಂಕಣ ಬದಿಗೆ ಗರಿಯ ತಟ್ಟಿ ನಿಲ್ಲಿಸಿ. ಅಡಿಕೆಗೆ ನಡುನಡುವೆ ಬಾಳೆ ಹಚ್ಚಿದರೆ ನೆರಳೂ ಆಯಿತು, ಹಬ್ಬಕ್ಕೆ ಎಲೆಯೂ ಆಯಿತು. ಒಣ ಮಣ್ಣಿಗೆ ಸರಕಾರಿ ಗೊಬ್ಬರ ಸುರಿದರೆ ಎಳೆ ಬೇರು ಸುಡುತ್ತದೆ, ಅದಕ್ಕೆ ಅವಸರ ಬೇಡ.

ಹತ್ತು ತೆಂಗಿನ ಸಸಿ ಎಂದರೆ ವಾರಕ್ಕೆ 900 ಲೀಟರ್, ಸುಮಾರು 60 ಕೊಡ! ಏಪ್ರಿಲ್‌ನಲ್ಲಿ ಬಾವಿ, ಬೋರು ಬತ್ತುವ ಮನೆಯಾದರೆ ಸಸಿ ತರುವ ಮುಂಚೆಯೇ ಈ ಲೆಕ್ಕವನ್ನು ಯಜಮಾನರ ಮುಂದಿಡಿ. ಅಡಿಕೆಯ ಆಸೆ ಬಿಟ್ಟು ಎರಡೇ ತೆಂಗು ಸಾಕೆನಿಸಬಹುದು. ಆ ಎರಡನ್ನಾದರೂ ನೋಡಿ ಆರಿಸಿ: ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸು, ಕನಿಷ್ಠ ಆರು ಗರಿ, ಬುಡ ದಪ್ಪ.