ಬ್ಯಾಟರಿ ಗಾಲಿಕುರ್ಚಿ ಕೊಳ್ಳುವ ಮೊದಲು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗ ಅಡಿಕೆ ಮರದಿಂದ ಬಿದ್ದ. ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಮನೆಯಲ್ಲಿ ಅವನನ್ನು ಅಕ್ಕನೇ ಎತ್ತಿ ಕೂರಿಸುತ್ತಾರೆ.

ಒಂದು ದಿನ ಅಕ್ಕ ಒಂದು ಕಾಗದ ತಂದರು. ಅದರಲ್ಲಿ ಬ್ಯಾಟರಿ ಗಾಲಿಕುರ್ಚಿಯ ಚಿತ್ರ ಇತ್ತು. ಬೆಲೆ 68,000 ರೂಪಾಯಿ. ಅದನ್ನು ಅಕ್ಕ ತಾವೇ ಓದಿ ಹೇಳಿದರು.

"ಇರೋ ಎರಡು ಬಳೆ ಅಡ ಇಟ್ಟು ತಗೊಂಬಿಡೋಣ ಅಂತಿದೀನಿ ಟೀಚರ್. ಏನಂತೀರಿ?"

ನಾವು ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಭಾನುವಾರ ಅಳತೆ ಟೇಪು ಹಿಡಿದು ಅವರ ಮನೆಗೆ ಹೋದೆವು.

ಕುರ್ಚಿಯ ಅಗಲ ಕಾಗದದಲ್ಲೇ ಇತ್ತು. 25 ಇಂಚು. ಮನೆಯ ಮುಂಬಾಗಿಲು ಅಳೆದೆವು. 33 ಇಂಚು. ಸರಿ. ಅಡುಗೆಮನೆ ಬಾಗಿಲು 28. ಪರವಾಗಿಲ್ಲ. ಬಚ್ಚಲುಮನೆ ಬಾಗಿಲು 24! ಅಂದರೆ ದಿನಾ ಹೋಗಲೇಬೇಕಾದ ಜಾಗಕ್ಕೇ ಕುರ್ಚಿ ಹೋಗುವುದಿಲ್ಲ. ಅಕ್ಕ ಸುಮ್ಮನೆ ನಿಂತುಬಿಟ್ಟರು.

ಮನೆ ಮುಂದೆ ಮೂರು ಮೆಟ್ಟಿಲು. ಒಟ್ಟು ಎತ್ತರ ಒಂದೂವರೆ ಅಡಿ. ಗಾಲಿಕುರ್ಚಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಒಂದೂವರೆ ಅಡಿಗೆ 18 ಅಡಿ. ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಪುಣ್ಯಕ್ಕೆ ಅಂಗಳ ಉದ್ದವಾಗಿತ್ತು.

ಈ ಕುರ್ಚಿ ಹೇಗೆ ಓಡುತ್ತದೆ? ಸೀಟಿನ ಕೆಳಗೆ ಬ್ಯಾಟರಿ ಇರುತ್ತದೆ. ಗಾಲಿಗಳಿಗೆ ಮೋಟಾರು. ಕೈ ಇಡುವ ಕಡೆ ಒಂದು ಸಣ್ಣ ಹಿಡಿ. ಅದಕ್ಕೆ ಜಾಯ್‌ಸ್ಟಿಕ್ ಎನ್ನುತ್ತಾರೆ. ಮುಂದೆ ಬಾಗಿಸಿದರೆ ಮುಂದೆ ಹೋಗುತ್ತದೆ. ಬಿಟ್ಟರೆ ನಿಲ್ಲುತ್ತದೆ. ಎಡಗೈ ಚುರುಕಾಗಿದ್ದರೆ ಹಿಡಿಯನ್ನು ಎಡಕ್ಕೆ ಹಾಕಿಸಬಹುದು. ಕೇಳಿ ಹಾಕಿಸಿಕೊಳ್ಳಬೇಕು.

ಕೈಗಳಲ್ಲಿ ಕಸುವು ಇರುವವರಿಗೆ ಕೈಯಿಂದ ತಳ್ಳುವ ಕುರ್ಚಿ ಸಾಕಾಗಬಹುದು. ಅದು ಹಗುರ. ರಿಪೇರಿ ಕಡಿಮೆ. ಆದರೆ ಕೈಯಲ್ಲೂ ಬಲ ಇಲ್ಲದವರು, ಭುಜ ನೋವಿನವರು ಇರುತ್ತಾರೆ. ಅಂಥವರಿಗೆ ಬ್ಯಾಟರಿ ಕುರ್ಚಿ ಶೋಕಿ ಅಲ್ಲ. ಅದೇ ಅವರ ಕಾಲು. "ಇವನಿಗೇಕೆ ಅಷ್ಟು ಬೆಲೆಯದು?" ಎಂದು ನೆಂಟರು ಅಂದರೆ ಅನ್ನಲಿ.

ಬ್ಯಾಟರಿಯಲ್ಲಿ ಎರಡು ಬಗೆ. ಸೀಸದ ಬ್ಯಾಟರಿ ಅಗ್ಗ, ಆದರೆ ಬಲು ಭಾರ. ಲಿಥಿಯಂ ಬ್ಯಾಟರಿ ಹಗುರ, ಬೆಲೆ ಜಾಸ್ತಿ. ಸೀಸದ ಬ್ಯಾಟರಿಯನ್ನು ಪೂರಾ ಖಾಲಿ ಮಾಡಿ ಹಾಗೇ ಬಿಟ್ಟರೆ ಬೇಗ ಕೆಡುತ್ತದೆ. ಯಾವ ಬ್ಯಾಟರಿಯೂ ಕುರ್ಚಿ ಇರುವಷ್ಟು ಕಾಲ ಬರುವುದಿಲ್ಲ. ಹೊಸದಕ್ಕೆ ಎಷ್ಟು, ರಿಪೇರಿಗೆ ಯಾರು ಬರುತ್ತಾರೆ ಎಂದು ಅಂಗಡಿಯಲ್ಲೇ ಕೇಳಿ. ಕರೆಂಟು ಇಲ್ಲದೆ ನಡುದಾರಿಯಲ್ಲಿ ನಿಂತರೆ? ಮೋಟಾರನ್ನು ಬಿಡಿಸಿ ಕೈಯಿಂದ ತಳ್ಳಲು ಒಂದು ಸನ್ನೆ ಇರುತ್ತದೆ. ಅದನ್ನು ತೋರಿಸಿಕೊಳ್ಳಿ. ನೀವೇ ಒಮ್ಮೆ ತಳ್ಳಿ ನೋಡಿ. ಆಗ ಅದರ ಭಾರ ತಿಳಿಯುತ್ತದೆ!

ಇನ್ನು ಕೂರುವ ಜಾಗ. ಇದನ್ನು ನಾವು ಒತ್ತಿ ಹೇಳುತ್ತೇವೆ. ಸ್ಪರ್ಶ ತಿಳಿಯದವರಿಗೆ ಒತ್ತುವುದೂ ತಿಳಿಯುವುದಿಲ್ಲ. ಒಂದೇ ಕಡೆ ಕೂತರೆ ಚರ್ಮ ಕೆಂಪಾಗುತ್ತದೆ. ಆಮೇಲೆ ಹುಣ್ಣು. ಅದು ಮೂಳೆಯವರೆಗೂ ಇಳಿಯುತ್ತದೆ. ಜೀವಕ್ಕೂ ಅಪಾಯ. ಈ ಹುಡುಗನಿಗೆ ಮೊದಲು ಯಾರೋ ಒಂದು ಹಳೇ ಕುರ್ಚಿ ದಾನ ಕೊಟ್ಟಿದ್ದರು. ಸೀಟು ಜೋತುಬಿದ್ದಿತ್ತು. ಮೂರು ತಿಂಗಳು ಹುಣ್ಣಿನಲ್ಲಿ ನರಳಿದ. ಆದ್ದರಿಂದ ಒಳ್ಳೆಯ ಮೆತ್ತೆ ಬೇಕೇ ಬೇಕು. ಸೊಂಟದ ಅಗಲಕ್ಕಿಂತ ಸೀಟು ಒಂದೆರಡು ಇಂಚು ಹೆಚ್ಚಿರಲಿ, ಅಷ್ಟೇ. ಮಂಡಿಯ ಹಿಂದೆ ಎರಡು ಬೆರಳು ತೂರುವಷ್ಟು ಜಾಗ ಇರಲಿ. ಪಾದ ಜೋತಾಡಬಾರದು. ಆಗಾಗ ಕೈ ಊರಿ ಮೈ ಎತ್ತಬೇಕು. ಆಗದವರನ್ನು ಮನೆಯವರು ಪಕ್ಕಕ್ಕೆ ವಾಲಿಸಬೇಕು.

ಹಣದ ಮಾತಿಗೆ ಬರೋಣ. ಅಂಗವಿಕಲರಿಗೆ ಸಾಧನ ಕೊಡುವ ಅಡಿಪ್ ಎಂಬ ಯೋಜನೆ ಕೇಂದ್ರ ಸರ್ಕಾರದ್ದು. 1981ರಲ್ಲಿ ಶುರುವಾಯಿತು. ಇದಕ್ಕೆ ಕಡಿಮೆ ಎಂದರೆ ನೂರಕ್ಕೆ 40ರಷ್ಟು ಅಂಗವೈಕಲ್ಯ ಇದೆ ಎಂಬ ಸರ್ಟಿಫಿಕೇಟು ಬೇಕು. ಆದಾಯದ ಪತ್ರ ಬೇಕು. ಇದರಲ್ಲಿ ಕೈ ಗಾಲಿಕುರ್ಚಿ ಸಿಗುತ್ತದೆ. ಹೆಚ್ಚು ತೊಂದರೆ ಇರುವವರಿಗೆ ಬ್ಯಾಟರಿ ತ್ರಿಚಕ್ರ ಬಂಡಿಯೂ ಉಂಟು. ಕಾನ್ಪುರದ ಅಲಿಮ್ಕೋ ಎಂಬ ಸರ್ಕಾರಿ ಕಾರ್ಖಾನೆ ಇವನ್ನು ಮಾಡುತ್ತದೆ. ಶಿಬಿರದಲ್ಲಿ ಅಳತೆ ತಗೊಳ್ಳುತ್ತಾರೆ. ಸಾಧನ ಕೈಗೆ ಬರಲು ಕಾಯಬೇಕಾಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮೊದಲು ಅವರನ್ನು ಕೇಳಿ. ಕೇಳಲು ನಾಚಿಕೆ ಯಾಕೆ?

ತ್ರಿಚಕ್ರ ಬಂಡಿ ಬೇರೆ, ಬ್ಯಾಟರಿ ಕುರ್ಚಿ ಬೇರೆ. ಬಂಡಿ ರಸ್ತೆಗೆ ಸರಿ, ಮನೆಯೊಳಗೆ ತಿರುಗುವುದಿಲ್ಲ.

ಇಷ್ಟೆಲ್ಲ ಮಾತಾಡಿದೆವು. ಹುಡುಗನನ್ನೇ ಕೇಳಿರಲಿಲ್ಲ! ತಪ್ಪು ನಮ್ಮದೇ. ಕೇಳಿದಾಗ ಅವನು ಹೇಳಿದ:

"ನನಗೆ ಕೈ ಗಟ್ಟಿ ಇದೆ. ಮನೆಯೊಳಗೆ ತಳ್ಕೊಂಡೇ ಓಡಾಡ್ತೀನಿ. ಬಸ್‌ಸ್ಟ್ಯಾಂಡ್ ಹತ್ರ ಮೊಬೈಲ್ ರಿಪೇರಿ ಅಂಗಡಿ ಇಡಬೇಕು. ಅಲ್ಲಿಗೆ ಹೋಗಿಬರೋ ಹಾಗಾಗಬೇಕು."

ಮನೆಗೆ 23 ಇಂಚು ಅಗಲದ ಕೈ ಕುರ್ಚಿ ನೋಡಿದೆವು. ಮೆತ್ತೆಗೆ ಬೇರೆ ದುಡ್ಡು ಎತ್ತಿಟ್ಟರು. ತ್ರಿಚಕ್ರ ಬಂಡಿಗೆ ಅವನೇ ಅರ್ಜಿ ಬರೆದ. ಅಕ್ಕ ಓದಿ ನೋಡಿ, ಊರಿನ ಹೆಸರಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಹಾಕಿಸಿದರು. ಬಂಡಿ ಇನ್ನೂ ಬಂದಿಲ್ಲ. ಬಳೆ ಕೈಯಲ್ಲೇ ಇವೆ. ಈಗ ಅಂಗಳದಲ್ಲಿ ಇಳಿಜಾರಿಗೆ ಕಲ್ಲು, ಮಣ್ಣು ಹಾಕುತ್ತಿದ್ದಾರೆ.